ತಿದಿ

ರಾಸ್ತಾ ಪೇಟೆಯ ಆ ಶಾಲೆಗೆ ನನ್ನನ್ನು ಕರೆಸಿದ್ದು
ಹಾಡಲಿಕ್ಕಲ್ಲ,
ಪೆಟ್ಟಿಗೆ ಕೆಟ್ಟಿತ್ತು.
ತಿಂಗಳ ಮೂರನೇ ಶನಿವಾರ ಎಲ್ಲ ದೇವರ ಜನ ಅಲ್ಲಿ ಸೇರುತ್ತಾರೆ,
ಚಪ್ಪಲಿ ಒಂದೇ ರಾಶಿಯಲ್ಲಿ ಬಿಡುತ್ತಾರೆ,
ಹೋಗುವಾಗ ಹುಡುಕಾಡುತ್ತಾರೆ.

ನಲವತ್ತು ವರ್ಷ ಹಾರ್ಮೋನಿಯಂ ಬಿಚ್ಚಿದ ಕೈ ಇದು.
ಮುಚ್ಚಳ ತೆಗೆದರೆ ಸಾಕು, ಯಾರ ಪೈಕಿ ಎಂದು ಹೇಳಿಬಿಡುತ್ತೇನೆ:
ಭಜನಾ ಮಂಡಳಿಯದಾದರೆ ಸಂದಿಯಲ್ಲಿ ಬುಕ್ಕಿಟ್ಟು,
ಇಗರ್ಜಿಯದಕ್ಕೆ ಮೇಣದ ಹನಿ,
ಮುಷ್ತಾಕ್ ಮುಜಾವರನ ಪೆಟ್ಟಿಗೆ ಬಿಚ್ಚಿದೆನೋ
ಮೂರು ದಿನ ಅಂಗಡಿಗೇ ಅತ್ತರಿನ ತಲೆನೋವು.
ಜಿರಲೆ ಮೊಟ್ಟೆ ಮಾತ್ರ ಎಲ್ಲದರಲ್ಲೂ.
ತಿದಿಯ ಮಡಿಕೆಗೆ ಅಂಟಿಸಿದ ತೊಗಲೂ.

ಆ ತೊಗಲಿನ ಸುದ್ದಿ ಯಾರೂ ಎತ್ತುವುದಿಲ್ಲ.
ನಿಪ್ಪಾಣಿಯಲ್ಲಿ ಅಪ್ಪ ಹದ ಮಾಡುತ್ತಿದ್ದ,
ಸುಣ್ಣದ ನೀರಿಗೆ ಬೆರಳೆಲ್ಲ ಬಿರಿದಿದ್ದವು.
ಗುಡಿಯ ಪೆಟ್ಟಿಗೆ ಕತ್ತಲಾದ ಮೇಲೆ ನಮ್ಮ ಕೇರಿಗೆ ಬರುತ್ತಿತ್ತು,
ಬೆಳಕಾಗುವ ಮೊದಲೇ ಹೋಗುತ್ತಿತ್ತು,
ಗೋಮೂತ್ರ ಚಿಮುಕಿಸಿಕೊಂಡು ಒಳಗೆ ಸೇರುತ್ತಿತ್ತು.
ಕಟ್ಟೆಯ ಕೆಳಗೆ ನಿಂತು ಅಪ್ಪ ಕಿವಿಗೊಡುತ್ತಿದ್ದ,
ದೇವರ ನಾಮಕ್ಕಲ್ಲ,
ತ್ಯಾಪೆ ಗಾಳಿ ಹಿಡಿಯಿತೇ ಎಂದು.

ಈ ಸಲದ ಸಭೆ ಶುರುವಾದದ್ದೇ ಜಗಳದಿಂದ.
ಮೊದಲು ಯಾರ ಹಾಡು?
ಢೋಲೆ ಗುರುಜಿ ಗಂಟಲು ಸರಿಮಾಡಿಕೊಂಡು ಕಾದರು,
ಚೀಟಿ ಎತ್ತೋಣ ಎಂದರು ಸಿಸ್ಟರ್ ಬೆನಿಲ್ಡಾ.
ಪೆಣಕರ ಅಜ್ಜನಿಗೆ ಶನಿವಾರ ಚುಕ್ಕಿ ಮೂಡುವ ತನಕ
ವಾದ್ಯ ಮುಟ್ಟುವ ಹಾಗಿಲ್ಲ, ಲೇಖಣಿಯನ್ನೂ;
ಕಿಟಕಿಯಲ್ಲಿ ಕೂತು ಮೂರು ಚುಕ್ಕಿ ಕಾಯುತ್ತಿದ್ದರು,
ಪುಣೆಯ ಧೂಳಿನಲ್ಲಿ ಒಂದೂ ಕಾಣದೆ.

ಆಗ ದುರ್ಗವ್ವ ಬಂದಳು.
ಯಾರು ಕರೆದಿದ್ದರೋ. ಬಾಗಿಲಲ್ಲೇ ನಿಂತು
ಚಪ್ಪಲಿ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು,
ರಾಶಿಗೆ ಬಿಡಲಿಲ್ಲ.
ಗಂಡ ಯಂಕಪ್ಪ, ಮೈದುನ ಪರಸು,
ಹೊಸ ಸೊಸೈಟಿಯ ಚೇಂಬರಿಗೆ ಇಳಿದವರು,
ಇವತ್ತಿಗೆ ಇಪ್ಪತ್ತೆರಡು ದಿನ.
ಗುತ್ತಿಗೆದಾರನ ಹೆಸರು ಕಾಗದದಲ್ಲಿಲ್ಲ.
ಕಾಗದವೇ ಇಲ್ಲ.

‘ನಿಮ್ಮದೊಂದು ಹಾಡಾಗಲಿ ತಾಯಿ,’ ಸಿಸ್ಟರ್ ಮರಾಠಿಯಲ್ಲಿ ಅಂದರು.
ಮೂಲೆಯಲ್ಲಿ ಅಂಟು ಕಾಯಿಸುತ್ತ ಬೆರಳು ಸುಟ್ಟುಕೊಂಡು
ನಾನು ‘ಯವ್ವಾ’ ಅಂದದ್ದು ಅವಳಿಗೆ ಕೇಳಿಸಿತ್ತು.
ನೇರ ನನ್ನ ಕಡೆ ತಿರುಗಿದಳು:
‘ಹಾಡು ಬರಂಗಿಲ್ಲಣ್ಣಾ. ಲೆಕ್ಕ ಬರತೈತಿ.
ನಾ ಹೇಳತೀನಿ, ನೀ ಇವರಿಗೆ ತಿಳಿಸು.’

ಒಂದು ಚೇಂಬರಿಗೆ ನಾನ್ನೂರು, ಇಬ್ಬರಿಗೂ ಸೇರಿ.
ಹಗ್ಗದ ಬಾಡಿಗೆ ಅದರಲ್ಲೇ ಮುರಿದುಕೊಂಡರು.
ಲಕೋಟೆಯಲ್ಲಿ ಹತ್ತು ಸಾವಿರ ತಂದಿದ್ದಾರೆ,
ಹೆಬ್ಬೆಟ್ಟು ಒತ್ತಿದರೆ ಕೊಡುತ್ತಾರೆ.
ಒತ್ತಿಲ್ಲ.

ಒಂದೊಂದೇ ಮರಾಠಿಗೆ ದಾಟಿಸುತ್ತಿದ್ದೆ,
ಕೈ ತಿದಿಯ ಮೇಲೇ ಇತ್ತು, ತ್ಯಾಪೆ ಒಣಗಿತೇ ನೋಡಲು.
ಯಾವ ಸ್ವರವನ್ನೂ ಒತ್ತಿರಲಿಲ್ಲ.
ಪೆಟ್ಟಿಗೆ ಸುಮ್ಮನೆ ಉಸಿರಾಡುತ್ತಿತ್ತು,
ಹುಸ್ಸೆಂದು ಒಳಗೆ,
ಹುಸ್ಸೆಂದು ಹೊರಗೆ.
ದುರ್ಗವ್ವ ಲೆಕ್ಕ ನಿಲ್ಲಿಸಿದಳು.
‘ಅದಽ ಸಿಗಲಿಲ್ಲ ನೋಡಣ್ಣಾ ಅವರಿಗೆ.
ಅಷ್ಟಽ ಗಾಳಿ.’

ಇದನ್ನು ನಾನು ಮರಾಠಿಗೆ ತರಲಿಲ್ಲ.
ಎಲ್ಲರಿಗೂ ತಿಳಿಯಿತು ಅಂದರೆ ಸುಳ್ಳಾದೀತು;
ನನ್ನ ಬಾಯಿ ಏಳಲಿಲ್ಲ, ಅಷ್ಟೆ.

ಗುರುಜಿ ಎದ್ದು ಬಂದು ಪಕ್ಕದಲ್ಲಿ ಕೂತರು,
ತಿದಿಯ ಮೇಲೆ ಕೈಯಿಟ್ಟು ಕೇಳಿದರು: ‘ಯಾವುದರ ಚರ್ಮ?’
ನಲವತ್ತು ವರ್ಷದಲ್ಲಿ ಮೊದಲ ಗಿರಾಕಿ.
‘ಆಡಿನದು. ಹದ ಮಾಡಿದ್ದು ನಮ್ಮ ಮನೆಯಲ್ಲೇ.’
ಕೈ ಒಂದಿಷ್ಟು ಹಿಂದೆ ಸರಿಯಿತು. ನೋಡಿದೆ.
ಮತ್ತೆ ಅಲ್ಲೇ ಬಂದು ಕೂತಿತು. ಅದನ್ನೂ ನೋಡಿದೆ.

ಆ ಸಂಜೆ ಹಾಡಾಗಲಿಲ್ಲ, ದೂರಿನ ಅರ್ಜಿಯಾಯಿತು.
ಮುಷ್ತಾಕ್ ಬರೆದ, ಸಿಸ್ಟರ್ ಕಾಗುಣಿತ ತಿದ್ದಿದರು,
ಯಾರ ಸಹಿ ಮೊದಲು ಎಂದು ಮತ್ತೊಂದು ಸುತ್ತು ಜಗಳ.
‘ಚುಕ್ಕಿ ಮೂಡಲಿ, ನಾನೂ ಹಾಕುತ್ತೇನೆ,’
ಕಿಟಕಿಯ ಸರಳಿಗೆ ಹಣೆ ಒತ್ತಿ ಅಂದರು ಪೆಣಕರ ಅಜ್ಜ.

ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರೆಸಿಕೊಳ್ಳುತ್ತ
ದುರ್ಗವ್ವ ಅವರ ಬಳಿ ಹೋಗಿ ನಿಂತಳು,
ನೀರಿನ ಟಾಕಿಯ ಆಚೆಗೆ ಬೆರಳು ಮಾಡಿದಳು:
‘ಅಲ್ಲಿ ನೋಡ್ರಿ.
ಒಂದು.’