ಎರಡನೇ ಗುಂಡಿ

ಆಷಾಢದಲ್ಲಿ ಗಾಡಿ ಕೊಳ್ಳಬಾರದು ಕಣೇ, ಅಂದಳು ಅಕ್ಕ ಫೋನಿನಲ್ಲಿ.
ಬ್ಯಾಲರಾಟಿನ ಆಷಾಢಕ್ಕೆ ಅದು ಗೊತ್ತಿಲ್ಲ:
ಬೆಳಿಗ್ಗೆ ಐದೂಮುಕ್ಕಾಲಿಗೆ ಗಾಜಿನ ಮೇಲೆ
ಕಲ್ಲುಪ್ಪು ಎರಚಿದ ಹಾಗೆ ಹಿಮ,
ನನಗೋ ಒಂಬತ್ತರೊಳಗೆ ಮೂರು ಮನೆ,
ಮೂರು ಜೊತೆ ಕಾಲಿನ ಹುಣ್ಣಿಗೆ ಹೊಸ ಬ್ಯಾಂಡೇಜು.

ತಂದದ್ದು ಸೆಕೆಂಡ್ ಹ್ಯಾಂಡು. ಪುಟ್ಟದು, ಆದರೆ ಎತ್ತರದ್ದು;
ಹತ್ತುವುದೂ ಬೇಡ, ಕುಸಿಯುವುದೂ ಬೇಡ,
ಸೊಂಟ ಸುಮ್ಮನೆ ಪಕ್ಕಕ್ಕೆ ಜಾರಿದರೆ ಸೀಟು.
ಸೀಟಿಗೆ ಮೂರು ಹಂತದ ಬಿಸಿ. ಸ್ಟೀರಿಂಗಿಗೂ ಬಿಸಿ.
"ಹೊಟ್ಟೆಗೆ ಹಿಟ್ಟಿಲ್ಲ, ಅಂಡಿಗೆ ಹೀಟರು" ಅಂದ ವಾಸುಕಿ.
ಮರುದಿನ ಹಾಲು ತರಲು ಅವನೇ ಒಯ್ದ,
ಹತ್ತು ನಿಮಿಷದ ಅಂಗಡಿಗೆ ಮುಕ್ಕಾಲು ಗಂಟೆ.

ಬಾಗಿಲ ಬದಿಯಲ್ಲಿ ಎರಡು ಗುಂಡಿ, ಸೀಟಿನ ನೆನಪಿಗೆ.
ಒಂದನೆಯದು ನಾನು.
ಎರಡನೆಯದನ್ನು ಒತ್ತಿದ್ದು ಕೈತಪ್ಪಿ,
ಮಿಸೆಸ್ ಟ್ರೆಲೋರ್ ಮನೆಯ ಮುಂದೆ ನಿಲ್ಲಿಸಿದ್ದಾಗ.
ಸೀಟು ಎದ್ದಿತು, ಗುರ್ರೆನ್ನುತ್ತ ಮುಂದೆ ಬಂತು,
ಇನ್ನೂ ಮುಂದೆ, ಮೊಣಕಾಲು ಡ್ಯಾಶಿಗೆ ತಾಗುವವರೆಗೆ;
ಬೆನ್ನಿನ ದಿಂಬು ಉಬ್ಬಿ
ಕನ್ನಡ ಶಾಲೆಯ ಮೇಷ್ಟರಂತೆ ನನ್ನ ನೆಟ್ಟಗೆ ಕೂರಿಸಿತು;
ಎಡಗನ್ನಡಿ ತಾನಾಗಿ ತಲೆ ತಗ್ಗಿಸಿ
ನೆಲ ನೋಡಿತು.

ಗಿಡ್ಡ ಹೆಂಗಸು. ನಾಲ್ಕಡಿ ಹತ್ತಿಂಚು ಇದ್ದಾಳು.
ಬೆನ್ನುನೋವು. ಫುಟ್‌ಪಾತಿಗೆ ಚಕ್ರ ಉಜ್ಜೀತೆಂಬ ಭಯ.
ಒಂದು ದೇಹದ ಬಗ್ಗೆ ಇಷ್ಟು ತಿಳಿಯಲು
ನನ್ನ ಕೆಲಸದಲ್ಲಿ ಮೂರು ಭೇಟಿ ಬೇಕು.

ಆಮೇಲೆ ಹುಡುಕಿದೆ, ಮತ್ತೇನು. ಕಪ್ಪಿಡುವ ಗುಳಿಯ ತಳದಲ್ಲಿ
ಪೆಪ್ಪರ್‌ಮೆಂಟಿನ ಕಾಗದ, ಅಂಟಿಕೊಂಡದ್ದು.
ಪರದೆಯ ನಕಾಶೆಯಲ್ಲಿ 'ಮನೆ' ಒತ್ತಿದರೆ
ದಾರಿ ಕ್ರೆಸ್‌ವಿಕ್ಕಿಗೆ ಎಳೆಯುತ್ತದೆ, ಹದಿನೆಂಟು ನಿಮಿಷ.
ಹೋಗಲಿಲ್ಲ. ಹೋಗಿ ಏನಂತ ಕೇಳಲಿ?

ಡೀಲರು ಎಲ್ಲ ಅಳಿಸಿಕೊಡುತ್ತೇನೆ ಅಂದಿದ್ದಾನೆ, ಪುಕ್ಕಟೆ.
ಎರಡನೆಯದು ವಾಸುಕಿಗೆ ಬೇಕಂತೆ, ಅವನ ಉದ್ದ ಕಾಲಿಗೆ.
ನ್ಯಾಯವೇ.
ಆದರೆ ಕೊನೆಯ ಮನೆ ಮುಗಿಸಿ ನಡು ಹಿಡಿದುಕೊಂಡ ಸಂಜೆ
ನಾನು ಒತ್ತುವುದು ಎರಡನ್ನೇ:
ಆ ದಿಂಬು ಉಬ್ಬುತ್ತದಲ್ಲ, ಸರಿಯಾಗಿ ಎಲ್ಲಿ ನೋಯುತ್ತದೋ ಅಲ್ಲಿ.
ಮೊಣಕಾಲು ಓರೆ ಮಾಡಿಕೊಂಡು ಕೂತಿರುತ್ತೇನೆ, ಐದು ನಿಮಿಷ,
ಬಿಸಿ ಮೂರಕ್ಕೆ ಇಟ್ಟು.
ಕನ್ನಡಿ ಪಕ್ಕದಲ್ಲಿ ತಲೆ ತಗ್ಗಿಸಿ
ಚಕ್ರ ಕಾಯುತ್ತಿರುತ್ತದೆ.