ಬಾಕಿ

ಎರಡು ತಿಂಗಳ ಬಾಡಿಗೆ ಕೊಡದೆ
ರಾತ್ರೋರಾತ್ರಿ ಕೋಣೆ ಖಾಲಿ ಮಾಡಿದವನು
ಒಂದು ಕ್ಯಾಲೆಂಡರು, ಒಂದು ಒಡಕು ಬಕೀಟು,
ಬಕೀಟಿನೊಳಗೆ ಇದನ್ನು ಬಿಟ್ಟುಹೋಗಿದ್ದ.
ಬಾಕಿ ಅಂತಲೇ ಹೆಸರಿಟ್ಟೆವು.
ಓಣಿಯ ಹುಡುಗರು ತಾಬೇಲು ಅಂದರು,
ಎದುರುಮನೆಯ ಮುಮ್ತಾಜಮ್ಮ ಕಛುವಾ ಅಂದಳು.
ಯಾವ ಭಾಷೆಗೂ ಅದು ತಲೆ ಹೊರಗೆ ಹಾಕಲಿಲ್ಲ,
ದಾಸವಾಳಕ್ಕೆ ಹಾಕಿತು.

ಕೌಲ್ ಬಜಾರಿನ ಮನೆ.
ಹೊಸಿಲ ಈಚೆ ನನ್ನ ಕಾಜಾ ಮಷೀನು,
ಮೂಲೆಗೆ ಜೀನ್ಸಿನ ಕತ್ತರಿಚೂರುಗಳ ಗುಡ್ಡೆ,
ಅದರೊಳಗೆ ಬಾಕಿಯ ಸಂಸಾರ. ಎಂಟು ವರ್ಷ.
ಬೆನ್ನಿನ ಹಳದಿ ಗೆರೆಗಳ ಸಂದಿಗೆ
ನೀಲಿ ನೂಲಿನ ಹುಡಿ ಕೂರುತ್ತಿತ್ತು,
ಹಬ್ಬಕ್ಕೊಮ್ಮೆ ಹಳೆಯ ಬ್ರಶ್ಶಿನಿಂದ ತಿಕ್ಕುತ್ತಿದ್ದೆ.

ಹಗಲೆಲ್ಲ ಕುಡಿದ ಬಿಸಿಲನ್ನು
ಕಲ್ಲುಗುಡ್ಡ ಬೆಳತನಕ ಕಕ್ಕುವ ಊರು ಇದು.
ಆದರೂ ಈ ಡಿಸೆಂಬರಿನಲ್ಲಿ ನೆಲ ತಣ್ಣಗಾಯಿತು.
ಮೂಗಿನ ಸೂಜಿತೂತಿನಲ್ಲಿ ಒಂದು ಗುಳ್ಳೆ ಬಂತು,
ಒಡೆಯಿತು. ಮತ್ತೊಂದು ಬಂತು.
ಉಸಿರಿಗೊಂದು ಸದ್ದು,
ಎಣ್ಣೆ ಕಾಣದ ಬಾಬಿನ್ನಿನಂಥದು.
ಆ ಸದ್ದು ಕೇಳಿದರೆ ನಾನು ಮಷೀನು ನಿಲ್ಲಿಸುತ್ತೇನೆ.

ದನದ ಆಸ್ಪತ್ರೆಯ ತಿಪ್ಪೇರುದ್ರ ಡಾಕ್ಟರು
ಎಮ್ಮೆಯೊಂದರ ಹಿಂದೆ ಮೊಣಕೈವರೆಗೆ ಇದ್ದರು.
ಕೈ ತೊಳೆದು ಬಂದು ನೋಡಿದರು.
"ಇದನ್ನ ಸಾಕಂಗಿಲ್ಲಮ್ಮ, ಕಾಯ್ದೆ ಐತೆ."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಮೊದ್ಲು ಉಸಿರು ಸರಿಹೋಗ್ಲಿ,
ಆಮೇಲೆ ಅರಣ್ಯದವ್ರಿಗೆ ಫೋನ್ ಹಚ್ಚೋಣ."
ಚೀಟಿಯಲ್ಲಿ ಬರೆದರು: ನಾಯಿಮರಿ, ಒಂದು.

ಔಷಧಿಗೆ ತೂಕ ಬೇಕಿತ್ತು.
ಗೇಟಿನ ಟೊಮೇಟೊ ಗಾಡಿಯಲ್ಲಿ ತೂಗಿಸಿದೆವು: ಒಂದೂಕಾಲು ಕಿಲೋ.
ಗಾಡಿಯವನು ಕೊಸರಿಗೆಂದು ಹಸಿಮೆಣಸಿನಕಾಯಿ ಹಾಕಿ ನಕ್ಕ.
ಒಂಬತ್ತು ಸೂಜಿ, ಮೂರು ದಿನಕ್ಕೊಂದು, ಮುಂಗಾಲಿಗೆ.
ಬೆಳಗ್ಗೆ ಬೆಚ್ಚನೆ ನೀರಿನ ಬೋಗುಣಿ, ಗದ್ದ ಮುಳುಗಬಾರದು.
ರಾತ್ರಿ ಹಳದಿ ಬಲ್ಬು.
ಕರೆಂಟು ಹೋದರೆ ಬಿಸಿನೀರಿನ ಸೀಸೆಯನ್ನು
ರಿಜೆಕ್ಟಾದ ಪ್ಯಾಂಟಿನ ಕಾಲೊಳಗೆ ತೂರಿಸಿ ಪಕ್ಕಕ್ಕಿಡುವುದು.

"ಆಮೆಗೆ ಕೆಮ್ಮಕ್ಕೆ ಬರಲ್ಲಮ್ಮ.
ನಮಗಿದ್ದಂಗೆ ಎದೆ ಕೆಳಗೆ ಪೊರೆ ಇಲ್ಲ ಅದಕ್ಕೆ.
ಒಳಗೆ ಕಟ್ಟಿದ್ದು ಒಳಗೇ."
ಅವರು ಇದನ್ನು ಹೇಳುವಾಗ ನನ್ನ ಗಂಡ ದೊಡ್ಡಬಸಯ್ಯ
ಬಾಗಿಲಾಚೆ ನಿಂತು ಕೆಮ್ಮುತ್ತಿದ್ದ.
ಹನ್ನೊಂದು ವರ್ಷ
ಹೊಸ ಪ್ಯಾಂಟುಗಳ ಮೊಣಕಾಲು ಉಜ್ಜಿ ಉಜ್ಜಿ
ಹಳೆಯದು ಮಾಡಿದ ಎದೆ.
ಡಾಕ್ಟರು ಅವನ ಹೆಸರು ಕೇಳಿದರು, ವಯಸ್ಸು ಕೇಳಿದರು,
"ನೀವೂ ತೋರಿಸ್ರಿ" ಅಂದರು.
"ನಂದೇನ್ ಬಿಡ್ರಿ ಸಾರ್,
ನನಗೆ ಕೆಮ್ಮಕ್ಕಾದ್ರೂ ಬರ್ತೈತೆ."

ರಾತ್ರಿ ಅವನೇ ಬಾಕಿಯನ್ನು ಎರಡಂಗೈಲಿ ಹಿಡಿದು
ತಲೆ ಕೆಳಗಾಗುವಂತೆ ಬಾಗಿಸುತ್ತಾನೆ,
ತುಂಬಿದ ಎಣ್ಣೆಬಟ್ಟಲನ್ನು ಬಗ್ಗಿಸುವಷ್ಟು ನಿಧಾನ.
ಬಿಳಿಯ ಅಂಟುದಾರವೊಂದು ಇಳಿಯುತ್ತದೆ.
ನಾನು ಮೆತ್ತನೆಯ ಚೂರಿನಿಂದ ಒರೆಸುತ್ತೇನೆ.
ಅಷ್ಟು ಹೊತ್ತು ಅವನು ಕೆಮ್ಮುವುದಿಲ್ಲ,
ಹೇಗೆ ತಡೆಯುತ್ತಾನೋ.
ಕೆಳಗಿಳಿಸಿದ್ದೇ ಹೊರಗೆ ಓಡುತ್ತಾನೆ,
ಗೋಡೆಗೆ ಕೈಕೊಟ್ಟು ಐದು ನಿಮಿಷ.
ಮುಮ್ತಾಜಮ್ಮನ ಮನೆಯ ದೀಪ ಹತ್ತುತ್ತದೆ, ಆರುತ್ತದೆ.

ಆರು ಸೂಜಿಯವರೆಗೂ ಅದು ಏನೂ ತಿನ್ನಲಿಲ್ಲ.
ಏಳನೆಯದರ ಮರುದಿನ
ದಾಸವಾಳದ ಎಸಳಿನ ಅಂಚಿನಲ್ಲಿ
ಕಟಿಂಗ್ ಮಾಸ್ಟರು ಗುರುತಿಗೆ ಹಾಕಿದಷ್ಟು
ಒಂದು ಕಚ್ಚು.
"ವಾಸಿಯಾದರೆ ಕೊಟ್ಟುಬಿಡ್ತೀಯಾ?"
ಮುಮ್ತಾಜಮ್ಮ ಕೇಳಿದಳು.
ನಾನು ದಾರ ಪೋಣಿಸುತ್ತಿದ್ದೆ,
ಬಾಯಲ್ಲಿ ದಾರವಿತ್ತು.

ಇನ್ನೆರಡು ಸೂಜಿ ಬಾಕಿ,
ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ, ಹಾಲಿನ ಪಾಕೀಟುಗಳ ಹಿಂದೆ.
ತೇದಿ ನೋಡಲೆಂದು ನಿನ್ನೆ ಚೀಟಿ ತೆಗೆದೆ.
ಹಿಂಬದಿಯಲ್ಲಿ ಡಾಕ್ಟರ ಅದೇ ಅಕ್ಷರ:
ದೊಡ್ಡಬಸಯ್ಯ, ನಲವತ್ತನಾಲ್ಕು, ಎದೆಯ ಎಕ್ಸ್-ರೇ,
ಮತ್ತೆ ದೊಡ್ಡಾಸ್ಪತ್ರೆಯ ಕೋಣೆ ನಂಬರು.
ಇಪ್ಪತ್ತು ದಿನ ಹಿಡಿದು ಓಡಾಡಿದ್ದೇವೆ,
ಒಬ್ಬರೂ ಮಗುಚಿ ನೋಡಿರಲಿಲ್ಲ.

ಅವನಿಗೆ ಹೇಳಿಲ್ಲ.
ನಾಳೆ ಯೂನಿಟ್ಟಿಗೆ ರಜ.
ಬಾಕಿಯನ್ನು ಬುಟ್ಟಿಯಲ್ಲಿಟ್ಟು ಹೊರಟರೆ
ಅವನೂ ಬರಲೇಬೇಕು.
ಬುಟ್ಟಿ ಅಲ್ಲಾಡದಂತೆ ಹಿಡಿಯುವುದು
ನನಗೆ ಬರುವುದಿಲ್ಲ ಎಂದು ಅವನು ನಂಬಿದ್ದಾನೆ.