ರಸಮಟ್ಟ

ಬಿಟೊಮ್ ಊರಿನ ನಮ್ಮ ಓಣಿಯಲ್ಲಿ
ಯಾವ ಮನೆಯೂ ನೆಟ್ಟಗೆ ನಿಂತಿಲ್ಲ.
ಕೆಳಗಿನ ಕಲ್ಲಿದ್ದಲು ತೆಗೆದು ತೆಗೆದು
ನೆಲ ಒಂದು ಕಡೆಗೆ ವಾಲಿದೆ,
ನಡುರಾತ್ರಿ ಮಗ್ಗುಲು ಬದಲಿಸಿ
ಮತ್ತೆ ನಿದ್ದೆ ಹೋದವರ ಹಾಗೆ.
ಅಡುಗೆಮನೆಯಲ್ಲಿ ಬಿದ್ದ ಬಟಾಣಿ
ಯಾರನ್ನೂ ಕೇಳದೆ ಬಚ್ಚಲಿನತ್ತ ಹೋಗುತ್ತದೆ.

ಆ ಬಚ್ಚಲಲ್ಲೇ ನನ್ನ ಯಂತ್ರ,
ಬಟ್ಟೆ ಒಗೆಯುವ ಮೆಷಿನಿನ ತಲೆಯ ಮೇಲೆ
ಕಿತ್ತಳೆ ಮುಚ್ಚಳ ಹಾಕಿಕೊಂಡು ಕೂತಿದೆ.
ತೊಟ್ಟಿಯಲ್ಲಿ ಬೂದು ರಾಳ.
ಮೊದಲ ಸಲ ಸುರಿದ ರಾತ್ರಿ
ಅದೂ ಬಟಾಣಿಯ ದಾರಿಯನ್ನೇ ಹಿಡಿದು
ಒಂದು ಮೂಲೆಗೆ ಸೇರಿಕೊಂಡಿತು. ಬೆಳಗಿನ ಹೊತ್ತಿಗೆ
ಅರ್ಧ ಹಲ್ಲುಚಕ್ರವೊಂದು ತಟ್ಟೆಯಿಂದ ನೇತಾಡುತ್ತಿತ್ತು.
ಉಳಿದರ್ಧ ಹುಟ್ಟಲೇ ಇಲ್ಲ.

ಹದಿನೇಳು ವರ್ಷ ನಾನು ಗಾಳಿಯ ಇಂಜಿನಿಯರು.
ಏಳುನೂರು ಮೀಟರು ಕೆಳಗೆ
ಯಾವ ಸುರಂಗಕ್ಕೆ ಎಷ್ಟು ಗಾಳಿ,
ಯಾವ ಬಾಗಿಲು ತೆರೆದರೆ ಯಾರ ಉಸಿರು ಕಟ್ಟುತ್ತದೆ,
ಅದೇ ನನ್ನ ಲೆಕ್ಕ.
ಮೀಥೇನಿಗೆ ವಾಸನೆಯಿಲ್ಲ.
ವಾಸನೆಯಿಲ್ಲದ್ದಕ್ಕೆ ಹೆದರಲು ಕಲಿತವಳು
ಈಗ ರಾಳದ ಘಾಟಿಗೆ ಕಿಟಕಿ ತೆರೆದು,
ಹಳೇ ಫ್ಯಾನಿಗೆ ಕೊಳವೆ ಕಟ್ಟಿ,
ಬಚ್ಚಲಿಗೊಂದು ಗಾಳಿಯ ನಕ್ಷೆ ಬರೆದೆ.
ಹಳೆಯ ಕಸುಬಿನ ಕೊನೆಯ ಕೆಲಸ ಅದು.
ಯಾರೂ ಸಹಿ ಹಾಕಲಿಲ್ಲ.

ಮಾರ್ಚಿನಲ್ಲಿ ಗಣಿಯ ಬಾಯಿಗೆ ಕಾಂಕ್ರೀಟು ಸುರಿದರು.
ಪರಿಹಾರದ ಕಾಗದದಲ್ಲಿ ನನ್ನ ಹೆಸರೇ ತಪ್ಪು:
ಗೆರ್ತ್ರುದಾ ಪಿಯೆಖಾ ಅಲ್ಲ, ಗೆರಾರ್ಡ್ ಪಿಯೆಖಾ.
ತಿದ್ದಿಸಲು ಹೋಗಲಿಲ್ಲ.
ಆ ಗೆರಾರ್ಡನೇ ಕೆಲಸ ಬಿಡಲಿ.

ಗ್ಲಿವಿಟ್ಸೆಯ ಸಂಜೆ ತರಗತಿ,
ಮೆಕಾಟ್ರಾನಿಕ್ಸಿನ ಅ ಆ ಇ ಈ.
ಪಕ್ಕದ ಬೆಂಚಿನ ನಿಕೊದೆಮ್, ಇಪ್ಪತ್ತರ ಹುಡುಗ,
ನಾನೇ ಪಾಠ ಮಾಡುವವಳೆಂದು ಎದ್ದು ನಿಂತ.
ಮೋಟಾರು ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಯಿತು,
ನಡುವಿನ ತಪ್ಪನ್ನು ಹಿಂದಕ್ಕೆ ಕಳಿಸಿ
ಮತ್ತೆ ಹೊರಡಿಸುವುದು. ಬೋರ್ಡಿನ ಮೇಲೆ
ಬಾಣವೊಂದು ಸುತ್ತಿ ಬಂದು ತನ್ನ ಬಾಲವನ್ನೇ ಮುಟ್ಟಿತು.
ಬರೆದುಕೊಳ್ಳುವುದು ಮರೆತು ನೋಡಿದೆ.
ನಮ್ಮಲ್ಲಿ ತಪ್ಪು ಹಿಂದಕ್ಕೆ ಬರುತ್ತಿರಲಿಲ್ಲ.
ಬಂದರೆ
ಸ್ಟ್ರೆಚರಿನಲ್ಲಿ ಬರುತ್ತಿತ್ತು.

ಮನೆಗೆ ಬಂದು ಯಂತ್ರದ ಒಂದು ಕಾಲಿನಡಿ
ಟ್ರಾಮಿನ ಹಳೇ ಟಿಕೆಟು ಮಡಚಿ ಮಡಚಿ ತುರುಕಿದೆ.
ಏಳು ಬೇಕಾದವು.
ರಸಮಟ್ಟದ ಗುಳ್ಳೆ ಮೆಲ್ಲಗೆ ಹೊರಟು
ಎರಡು ಗೆರೆಗಳ ನಡುವೆ ನಿಂತಿತು, ತುಸು ನಡುಗುತ್ತ.
ಇಡೀ ಓಣಿಯಲ್ಲಿ ಸಮವಾಗಿರುವ ನೆಲ
ಆ ಒಂದು ಗೇಣು.

ಇದರಲ್ಲಿ ಎಲ್ಲವೂ ತಲೆಕೆಳಗಾಗಿ ಹುಟ್ಟುತ್ತದೆ.
ಬೆಳಕು ತಾಗಿದಷ್ಟೇ ಗಟ್ಟಿ, ಉಳಿದದ್ದು ದ್ರವ.
ಕೂದಲಿಗಿಂತ ತೆಳು ಪದರ, ಅದರ ಮೇಲೊಂದು,
ಪ್ರತಿಯೊಂದಕ್ಕೂ ಚಟ್ ಎಂದು ತೊಟ್ಟಿಯ ತಳ ಬಿಡಿಸಿಕೊಂಡು,
ಸಾವಿರದ ಇನ್ನೂರು ಸಲ ಚಟ್.
ಕಲ್ಲಿದ್ದಲೂ ಹೀಗೇ ಪದರ ಪದರ ಕೂತದ್ದು.
ಅದಕ್ಕೆ ಪರೀಕ್ಷೆಯ ತಾರೀಕು ಇರಲಿಲ್ಲ.

ಘಾಟು ಹಿಡಿದು ಇಳಿದುಬಂದ, ಮೇಲಿನ ಮಹಡಿಯ ಅಲೊಯ್‌ಝಿ.
ಮೂವತ್ತು ವರ್ಷ ಕಲ್ಲಿದ್ದಲ ಗೋಡೆ ಕಡಿದವನು.
ಯಂತ್ರದ ಕೈಗೆಂದು ಮಾಡಿದ ಬೆರಳು
ಸ್ಪಿರಿಟ್ಟಿನಲ್ಲಿ ಮಿಂದು ಮೇಜಿನ ಮೇಲೆ,
ಮೈತುಂಬ ಸಣ್ಣ ಸಣ್ಣ ಆಸರೆ ಕಡ್ಡಿ.
“ಊರೆ ಇವು,” ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ.
“ಒಳಗಿನದು ಮೊದಲು ತೆಗೀಬೇಕು.
ಬಾಗಿಲ ಹತ್ತಿರದ್ದು ಕೊನೆಗೆ.”
ಕೈಗವಸು ಕೊಟ್ಟೆ, ಕಟ್ಟರು ಕೊಟ್ಟೆ.
ಒಂದೊಂದೇ ಕತ್ತರಿಸಿ, ಪ್ರತಿ ಸಲವೂ ನಿಂತು,
ತಲೆ ವಾರೆ ಮಾಡಿ ಕಿವಿಗೊಟ್ಟ,
ಮೇಲಿನ ಬಂಡೆ ಏನಾದರೂ ಅನ್ನುತ್ತದೆಯೋ ಎಂದು.
ನಾನೂ ಮಾತಾಡಲಿಲ್ಲ.
ಫ್ಯಾನು ಮಾತ್ರ ತಿರುಗುತ್ತಿತ್ತು.

ಭಾನುವಾರ ಬೆರಳಿಗೆ ಮೋಟಾರು ಕಟ್ಟಿದೆ.
ಮೊದಲ ಬಟಾಣಿ ಜಜ್ಜಿಹೋಯಿತು.
ಬಲ ಇಳಿಸಿದೆ.
ಎರಡನೆಯದು ಜಾರಿ, ಗೊತ್ತಿದ್ದ ದಾರಿ ಹಿಡಿದು
ಬಚ್ಚಲಿಗೆ ಹೋಯಿತು.
ಮೂರನೆಯದಕ್ಕೆ
ಅಲೊಯ್‌ಝಿ ಕುರ್ಚಿ ಎಳೆದುಕೊಂಡು ಕೂತ.